ಫ್ಯಾನ್ ಹಾಕಿದರೆ ರೀಡಿಂಗ್ ಏರುತ್ತದೆ! (ಯುನೋ + ಎಲ್ಎಂ35, ಚಾಕಿ ಪೆಟ್ಟಿಗೆ)

ಚಾಕಿಮನೆ_ರಾಮನಗರ:
ಎಲ್ಲರಿಗೂ ನಮಸ್ಕಾರ. ಚಾಕಿ ಹುಳುವಿಗೆ (ರೇಷ್ಮೆಯ ಎಳೆ ಹುಳು) 27-28 ಡಿಗ್ರಿ ಬೇಕು ಅಂತ ಪೆಟ್ಟಿಗೆಯೊಂದಕ್ಕೆ ಆರ್ಡುಯಿನೋ ಯುನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಬಿಸಿ ಅಳೆಯುವ ಎಲ್ಎಂ35 ಸೆನ್ಸರ್, ಎರಡು 5 ವೋಲ್ಟ್ ಫ್ಯಾನ್ ಹಾಕಿದ್ದೇನೆ. ಎಲ್ಲಾ ಒಂದೇ ಮೊಬೈಲ್ ಚಾರ್ಜರ್ ಮೇಲೆ ಓಡುತ್ತವೆ. ರೀಡಿಂಗ್ 26.86, ಆಮೇಲೆ 27.34, ಆಮೇಲೆ 27.83. ನಡುವಿನದ್ದು ಬರುವುದೇ ಇಲ್ಲ. ಇನ್ನೂ ವಿಚಿತ್ರ ಅಂದರೆ, ಫ್ಯಾನ್ ಶುರುವಾದ ಕೂಡಲೇ 27.83 ಇದ್ದದ್ದು 29.30 ಆಗುತ್ತದೆ. ಗಾಳಿ ಬಿಟ್ಟರೆ ಬಿಸಿಯಾಗುವ ಪೆಟ್ಟಿಗೆ ನನ್ನದೊಂದೇ ಇರಬೇಕು! ಹಾಗಾಗಿ ಫ್ಯಾನ್ ನಿಲ್ಲುವುದೇ ಇಲ್ಲ, ಹುಳು ಚಳಿಗೆ ಮುದುಡುತ್ತಿವೆ. ಯುನೋದ 10 ಬಿಟ್ ಅಳತೆ (1024 ಮೆಟ್ಟಿಲು) ಸಾಲದು, 12 ಬಿಟ್‌ನ ಇಎಸ್‌ಪಿ32 ಬೋರ್ಡ್ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ?

ಮೀಟರ್_ಮಾವ:
ದುಡ್ಡು ಉಳಿಸಿ. ಬಿಟ್ಟಿನ ತೊಂದರೆ ಅಲ್ಲ ಇದು.

ಯುನೋ ತನ್ನ ಸಪ್ಲೈ ವೋಲ್ಟೇಜನ್ನು 1024 ಪಾಲು ಮಾಡಿ, ಸೆನ್ಸರ್ ಕೊಟ್ಟದ್ದು ಎಷ್ಟು ಪಾಲು ಅಂತ ಎಣಿಸುತ್ತದೆ. ಸಪ್ಲೈ ಸರಿಯಾಗಿ 5 ವೋಲ್ಟ್ ಇದ್ದರೆ ಒಂದು ಪಾಲು 4.88 ಮಿಲಿವೋಲ್ಟ್. ಫ್ಯಾನ್ ಎಳೆತಕ್ಕೆ ಅದು 4.7ಕ್ಕೆ ಕುಸಿದರೆ ಪಾಲು ಚಿಕ್ಕದಾಯಿತು, ಎಣಿಕೆ ಜಾಸ್ತಿಯಾಯಿತು. ಸೆನ್ಸರಿನ 279 ಮಿಲಿವೋಲ್ಟ್ ಕದಲಿಲ್ಲ, ಆದರೂ 57 ಹೋಗಿ 60. ನಿಮ್ಮ ಪ್ರೋಗ್ರಾಂ ಮಾತ್ರ ಇನ್ನೂ 5 ವೋಲ್ಟ್ ಅಂತಲೇ ಗುಣಿಸುತ್ತದೆ. ಅದೇ ನಿಮ್ಮ 29.30. ಫ್ಯಾನ್ ಓಡುವಾಗ 5 ವೋಲ್ಟ್ ಪಿನ್ನಿಗೆ ಮಲ್ಟಿಮೀಟರ್ ಹಿಡಿದು ನೋಡಿ.

ಅರ್ಧ ಡಿಗ್ರಿ ಜಿಗಿತಕ್ಕೂ ಇದೇ ಲೆಕ್ಕ. ಎಲ್ಎಂ35 ಡಿಗ್ರಿಗೆ ಕೊಡುವುದು 10 ಮಿಲಿವೋಲ್ಟ್, ಅಂದರೆ 4.88ರ ಒಂದು ಪಾಲು ಹತ್ತಿರ ಹತ್ತಿರ ಅರ್ಧ ಡಿಗ್ರಿ. ಪ್ರೋಗ್ರಾಂನಲ್ಲಿ ಅನಲಾಗ್ ರೆಫರೆನ್ಸನ್ನು (ಯಾವ ವೋಲ್ಟೇಜಿಗೆ ಹೋಲಿಸಿ ಅಳೆಯಬೇಕು ಅನ್ನುವುದನ್ನು) ಇಂಟರ್ನಲ್‌ಗೆ ಬದಲಿಸಿ. ಆಗ ಚಿಪ್ಪಿನೊಳಗಿನ 1.1 ವೋಲ್ಟ್ ಅಳತೆಗೋಲಾಗುತ್ತದೆ, ಚಾರ್ಜರ್ ಕುಸಿದರೂ ಅದು ಅಲುಗುವುದಿಲ್ಲ. ಮೆಟ್ಟಿಲು ಹೆಚ್ಚುಕಡಿಮೆ 0.1 ಡಿಗ್ರಿಗೆ ಇಳಿಯುತ್ತದೆ. 110 ಡಿಗ್ರಿಯವರೆಗೆ ಅಳೆಯಬಹುದು, ಹುಳುವಿಗೆ ಅಷ್ಟು ಬೇಡ ಬಿಡಿ. ಒಂದು ಮಾತು: ಈ 1.1 ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬೇರೆಯಾಗುತ್ತದೆ. ಆ ವೋಲ್ಟೇಜ್ ಹೊರಗೆ ಸಿಗುವ ಎರೆಫ್ (AREF) ಪಿನ್ನಿನಲ್ಲಿ ಅಳೆದು, ಬಂದ ಅಂಕಿಯನ್ನೇ ಪ್ರೋಗ್ರಾಂನಲ್ಲಿ ಹಾಕಿ. ಬದಲಿಸಿದ ಮೇಲಿನ ಮೊದಲ ಕೆಲವು ರೀಡಿಂಗ್ ಬಿಸಾಡಿ.

ಬೆಸುಗೆ_ಹುಡುಗಿ:
ಮಾವ ಹೇಳಿದ್ದು ಸರಿ. ಆದರೆ ದಶಾಂಶ ಜಾಸ್ತಿ ಬಂದ ಮಾತ್ರಕ್ಕೆ ಅಳತೆ ನಿಜವಾಗುವುದಿಲ್ಲ, ಎಲ್ಎಂ35 ತಾನೇ ಡಿಗ್ರಿಯಷ್ಟು ಆಚೀಚೆ ಇರಬಹುದು. ಸೆನ್ಸರ್ ವೈರ್ ಉದ್ದ ಇದ್ದರೆ ಮನೆ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಟ್ಟುವುದೂ ಸೇರಿಕೊಳ್ಳುತ್ತದೆ. ನಾನಾದರೆ ಡಿಎಸ್18ಬಿ20 ಅನ್ನುವ ಡಿಜಿಟಲ್ ಸೆನ್ಸರ್ ಹಾಕುತ್ತಿದ್ದೆ. ಡಿಜಿಟಲ್ ಮಾಡುವ ಕೆಲಸ ಸೆನ್ಸರಿನ ತಲೆಯಲ್ಲೇ ಮುಗಿಯುತ್ತದೆ, ವೈರಿನಲ್ಲಿ ಬರುವುದು ಬರೀ ಅಂಕಿ. 12 ಬಿಟ್‌ನಲ್ಲಿ 0.0625 ಡಿಗ್ರಿ. ಒಂದು ರೀಡಿಂಗಿಗೆ 750 ಮಿಲಿಸೆಕೆಂಡ್ ಹಿಡಿಯುತ್ತದೆ, ಹುಳುವಿಗೇನು ಅವಸರ? ಡೇಟಾ ಲೈನಿಗೆ 5 ವೋಲ್ಟಿನಿಂದ 4.7 ಕಿಲೋ ಓಮ್ ರೆಸಿಸ್ಟರ್, ಅಂದರೆ ಪುಲ್‌ಅಪ್ ಮರೀಬೇಡಿ.

ಚಾಕಿಮನೆ_ರಾಮನಗರ:
ಫ್ಯಾನ್ ಓಡುವಾಗ 4.71 ಇತ್ತು, ಮಾವ! ಎರೆಫ್ 1.08. ಆ ಅಂಕಿ ಹಾಕಿದೆ, ಈಗ ಫ್ಯಾನ್ ಬಂದರೆ ರೀಡಿಂಗ್ ನಿಧಾನಕ್ಕೆ ಇಳಿಯುತ್ತಿದೆ. ಫ್ಯಾನಿಗೆ ಬೇರೆ ಚಾರ್ಜರ್ ಕೊಡುತ್ತೇನೆ. ಈ ಬೆಳೆ ಹೀಗೇ ನಡೆಯಲಿ, ಮುಂದಿನದಕ್ಕೆ ಡಿಎಸ್18ಬಿ20 ತರಿಸುತ್ತೇನೆ. ಒಂದೇ ವೈರಿಗೆ ಮೂರು ಸೆನ್ಸರ್ ಹಾಕಬಹುದಾ ಅಕ್ಕ?

ಬೆಸುಗೆ_ಹುಡುಗಿ:
ಧಾರಾಳವಾಗಿ. ಪ್ರತಿಯೊಂದಕ್ಕೂ 64 ಬಿಟ್‌ನ ಬೇರೆಬೇರೆ ನಂಬರ್ ಇರುತ್ತದೆ. ಮೂರಕ್ಕೂ ಸೇರಿ ಒಂದೇ ಪುಲ್‌ಅಪ್ ಸಾಕು. ಹಾಕುವ ಮುಂಚೆ ಒಂದೊಂದನ್ನೇ ಓದಿಸಿ, ಯಾವ ನಂಬರ್ ಯಾವ ತಟ್ಟೆಯದು ಅಂತ ಬರೆದುಕೊಳ್ಳಿ.