ರೇಯಾ ಯಾರ ನೆನಪು? ಸೊಡರ್‌ಬರ್ಗ್ ಅವರ ‘ಸೋಲಾರಿಸ್’ ಮೇಲೊಂದು ಚರ್ಚೆ

ತಿಂಗಳಬೆಳಕು
ಸ್ಟೀವನ್ ಸೊಡರ್‌ಬರ್ಗ್ 2002ರಲ್ಲಿ ತೆಗೆದ ‘ಸೋಲಾರಿಸ್’ ನಿನ್ನೆ ರಾತ್ರಿ ಮೂರನೇ ಸಲ ನೋಡಿದೆ. ನೋಡದವರಿಗೆ ಚುಟುಕಾಗಿ ಹೇಳಿಬಿಡ್ತೀನಿ. ಹೆಂಡತಿ ಆತ್ಮಹತ್ಯೆ ಮಾಡಿಕೊಂಡ ಮೇಲೆ ಒಂಟಿಯಾಗಿರುವ ಮನಶ್ಶಾಸ್ತ್ರಜ್ಞ ಕ್ರಿಸ್ ಕೆಲ್ವಿನ್, ಸೋಲಾರಿಸ್ ಅನ್ನೋ ಗ್ರಹವನ್ನು ಸುತ್ತುತ್ತಿರುವ ನಿಲ್ದಾಣಕ್ಕೆ ಹೋಗ್ತಾನೆ. ಅಲ್ಲಿ ನಿದ್ದೆಯಿಂದ ಎದ್ದರೆ ಪಕ್ಕದಲ್ಲಿ ಸತ್ತ ಹೆಂಡತಿ ರೇಯಾ ಇದ್ದಾಳೆ. ಗ್ರಹವೇ ಅವನ ನೆನಪಿನಿಂದ ಅವಳನ್ನು ಮಾಡಿ ಕಳಿಸಿದೆ. ಕೆಲ್ವಿನ್ ಆಗಿ ಜಾರ್ಜ್ ಕ್ಲೂನಿ, ರೇಯಾ ಆಗಿ ನತಾಶಾ ಮೆಕಲ್‌ಹೋನ್.

ಬಿಡುಗಡೆಯಾದಾಗ ಚಿತ್ರ ಮಕಾಡೆ ಮಲಗಿತು. ಖರ್ಚಾದದ್ದು 4.7 ಕೋಟಿ ಡಾಲರ್, ಜಗತ್ತಿನಾದ್ಯಂತ ಸೇರಿ ಬಂದದ್ದು 3 ಕೋಟಿಯ ಆಸುಪಾಸು. ಸಿನಿಮಾ ನೋಡಿ ಹೊರಬರುವವರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ಸಿಕ್ಕಿದ್ದು ‘ಎಫ್’. ನನಗೆ ಮಾತ್ರ ಪ್ರೀತಿಯ ಬಗ್ಗೆ ಇಷ್ಟು ಪ್ರಾಮಾಣಿಕವಾದ ವೈಜ್ಞಾನಿಕ ಚಿತ್ರ ಇನ್ನೊಂದು ಕಂಡಿಲ್ಲ. ನಿಮಗೆ ಏನನ್ನಿಸಿತು? ಕಥೆಯ ಕೊನೆಯೂ ಮಾತಿಗೆ ಬರುತ್ತೆ, ನೋಡಬೇಕು ಅಂದ್ಕೊಂಡಿರೋರು ನೋಡಿಕೊಂಡೇ ಬನ್ನಿ.

ಅರ್ಧಟಿಕೆಟ್
ಆ ‘ಎಫ್’ ಕೊಟ್ಟವರ ಸಾಲಲ್ಲಿ ನನ್ನನ್ನೂ ಸೇರಿಸ್ಕೊಳ್ಳಿ. 99 ನಿಮಿಷದ ಸಿನಿಮಾ ಮೂರು ಗಂಟೆ ಕೂತ ಹಾಗಾಯ್ತು. ಒಬ್ಬರೂ ಒಂದು ವಾಕ್ಯ ಪೂರ್ತಿ ಆಡಲ್ಲ. ಎಲ್ಲರೂ ಪಿಸುಗುಡ್ತಾರೆ, ಆಮೇಲೆ ಕಿಟಕಿಯಾಚೆ ನೋಡ್ತಾರೆ. ಹಿಂದಿನ ವರ್ಷವಷ್ಟೇ ಇದೇ ನಿರ್ದೇಶಕ, ಇದೇ ಕ್ಲೂನಿ ಸೇರಿ ಒಳ್ಳೇ ದರೋಡೆ ಸಿನಿಮಾ ಕೊಟ್ಟಿದ್ರು. ಇದಕ್ಕೆ ನಿರ್ಮಾಪಕ ಬೇರೆ ಜೇಮ್ಸ್ ಕ್ಯಾಮರೂನ್. ಬಾಹ್ಯಾಕಾಶ, ನಿಗೂಢ ಗ್ರಹ, ಅಲ್ಲಿ ಸತ್ತ ವಿಜ್ಞಾನಿ ಅಂತೆಲ್ಲ ಆಸೆ ಹುಟ್ಟಿಸಿ, ಒಳಗೆ ಕೂರಿಸಿ ಗಂಡ ಹೆಂಡತಿ ಜಗಳ ತೋರಿಸಿದ್ರು.

ಹಳೇರೀಲು
ನಿಧಾನ ಅನ್ನೋದು ದೋಷವಲ್ಲ, ಅರ್ಧಟಿಕೆಟ್ ಅವರೇ. ಇದರಲ್ಲಿ ಇರೋದು ಅರೆಮನಸ್ಸಿನ ನಿಧಾನ, ನನ್ನ ತಕರಾರು ಅದು. ಆಂದ್ರೇ ತಾರ್ಕೋವ್‌ಸ್ಕಿ 1972ರಲ್ಲಿ ಮಾಡಿದ ‘ಸೋಲಾರಿಸ್’ ನೋಡಿ, ಹತ್ತಿರ ಹತ್ತಿರ ಎರಡೂಮುಕ್ಕಾಲು ಗಂಟೆ. ಅದರಲ್ಲಿ ಕಾರೊಂದು ಸುರಂಗ, ಮೇಲ್ಸೇತುವೆ ಹಾದು ಹೋಗ್ತಾನೇ ಇರುತ್ತೆ, ಸುಮಾರು ಐದು ನಿಮಿಷ. ಭವಿಷ್ಯದ ನಗರ ಅಂತ ತೋರಿಸೋಕೆ ಟೋಕಿಯೊದ ರಸ್ತೆಗಳಲ್ಲಿ ತೆಗೆದದ್ದು. ಆ ಐದು ನಿಮಿಷ ಸಹಿಸಿಕೊಂಡವನಿಗೆ ಮುಂದಿನ ಸಿನಿಮಾ ಬೇರೆಯೇ ಉಸಿರಿನಲ್ಲಿ ಕಾಣುತ್ತೆ.

ನಿಲ್ದಾಣದ ಗ್ರಂಥಾಲಯದ ದೃಶ್ಯವಂತೂ ಸಾಯೋವರೆಗೂ ಮರೆಯಲ್ಲ. ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರನ್ನು ಬ್ರೂಗೆಲ್ ಅನ್ನೋ ಕಲಾವಿದ ಬರೆದ ವರ್ಣಚಿತ್ರದ ಮೇಲೆ ಕ್ಯಾಮರಾ ಮೆಲ್ಲಗೆ ಸರಿಯುತ್ತೆ. ಭೂಮಿಯನ್ನೇ ಕಾಣದ ಹೆಣ್ಣು, ಅಲ್ಲಿ ಅವಳ ಹೆಸರು ಹಾರಿ, ಆ ಹಿಮವನ್ನು ನೋಡ್ತಾ ಕೂತಿರ್ತಾಳೆ. ಆಮೇಲೆ 30 ಸೆಕೆಂಡು ಭಾರವಿಲ್ಲದ ಸ್ಥಿತಿ. ಇಬ್ಬರೂ ತೇಲ್ತಾರೆ, ಹಿನ್ನೆಲೆಯಲ್ಲಿ ಬಾಖ್‌ನ ಆರ್ಗನ್ ಸಂಗೀತ. ಇದಾದ ಮೇಲೆ ಇನ್ನೊಂದು ‘ಸೋಲಾರಿಸ್’ ಯಾಕೆ ಬೇಕಿತ್ತು?

ಪುಟತಿರುವಿ
ಮೂಲ ಕಾದಂಬರಿಯ ಪರವಾಗಿ ಎರಡು ಮಾತು. ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್ ಅದನ್ನು ಪ್ರಕಟಿಸಿದ್ದು 1961ರಲ್ಲಿ. ಅದರ ನಾಯಕ ಕೆಲ್ವಿನ್ ಅಲ್ಲ, ನಾಯಕಿ ಹಾರಿಯೂ ಅಲ್ಲ. ಗ್ರಹವನ್ನು ಹೊದ್ದು ಮಲಗಿರುವ ಆ ಸಮುದ್ರ. ತಲೆಮಾರುಗಳ ವಿಜ್ಞಾನಿಗಳು ಅದನ್ನು ಅರಿಯಲು ಹೋಗಿ, ಸಾವಿರಾರು ಪುಟ ಬರೆದು, ಕೊನೆಗೆ ಅದು ರೂಪಿಸುವ ಆಕಾರಗಳಿಗೆ ಹೆಸರಿಡುವುದರಲ್ಲೇ ಸೋತುಹೋಗುತ್ತಾರೆ. ಮನುಷ್ಯನ ಬುದ್ಧಿಗೆ ನಿಲುಕದ ಒಂದು ಜೀವ ಎದುರಾದರೆ ಏನಾಗುತ್ತದೆ ಎಂಬುದೇ ಕಾದಂಬರಿಯ ಪ್ರಶ್ನೆ. ತಾರ್ಕೋವ್‌ಸ್ಕಿ ಮಾಡಿದ್ದು ‘ಸೋಲಾರಿಸ್’ ಅಲ್ಲ, ದೊಸ್ತೊಯೆವ್‌ಸ್ಕಿಯ ಕಾದಂಬರಿ ‘ಅಪರಾಧ ಮತ್ತು ಶಿಕ್ಷೆ’ ಎಂದು ಲೆಮ್ ಸಿಟ್ಟಾಗಿದ್ದರು. 2002ರ ಚಿತ್ರದ ಬಗ್ಗೆ, ತಾನದನ್ನು ನೋಡಿಲ್ಲ ಎಂದು ಒಪ್ಪಿಕೊಂಡೇ, ಪುಸ್ತಕಕ್ಕೆ ‘ಸೋಲಾರಿಸ್’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ, ಅದು ಬಾಹ್ಯಾಕಾಶದ ಪ್ರೇಮಕಥೆಯಲ್ಲ ಎಂಬರ್ಥದ ಮಾತು ಬರೆದರು. ಸೊಡರ್‌ಬರ್ಗ್ ಚಿತ್ರದಲ್ಲಿ ಸಮುದ್ರ ಎಲ್ಲಿದೆ, ಹೇಳಿ? ಕಿಟಕಿಯಾಚೆ ನೇರಳೆ ಬೆಳಕಾಗಿ ಉಳಿದಿದೆ, ಅಷ್ಟೇ.

ತಿಂಗಳಬೆಳಕು
ಹಳೇರೀಲು ಅವರೇ, ಯಾಕೆ ಬೇಕಿತ್ತು ಅನ್ನೋದಕ್ಕೆ ನನ್ನ ಉತ್ತರ ಇದು. ತಾರ್ಕೋವ್‌ಸ್ಕಿ ಚಿತ್ರದಲ್ಲಿ ಕೆಲ್ವಿನ್ ತನ್ನ ಮನಸ್ಸಾಕ್ಷಿಯ ಮುಂದೆ ನಿಲ್ತಾನೆ. ಇಲ್ಲಿ ಅವನ ನೆನಪೇ ಅವನೆದುರು ಬಂದು ನಿಲ್ಲುತ್ತೆ, ಅದು ನಿನ್ನದೇ ತಪ್ಪು ಲೆಕ್ಕ ಅನ್ನುತ್ತೆ. ರೇಯಾ ಹೇಳೋ ಮಾತು ಗಮನಿಸಿ. ಎಲ್ಲ ನೆನಪಿದೆ, ಆದರೆ ಅಲ್ಲೆಲ್ಲ ನಾನಿದ್ದ ನೆನಪಿಲ್ಲ ಅಂತಾಳೆ. ನೀನು ನನ್ನನ್ನು ಸಾಯಲು ಹೊರಟವಳು ಅಂತ ನೆನಪಿಟ್ಟಿರೋದಕ್ಕೇ ನಾನು ಹಾಗಿದ್ದೀನಿ ಅಂತಲೂ ಅವನಿಗೆ ಹೇಳ್ತಾಳೆ. ಅವಳು ದ್ರವ ಆಮ್ಲಜನಕ ಕುಡಿದು ಸತ್ತು, ನೆಲದ ಮೇಲೆ ಒದ್ದಾಡ್ತಾ ಮತ್ತೆ ಬದುಕೋ ದೃಶ್ಯ ಎರಡು ಚಿತ್ರದಲ್ಲೂ ಇದೆ, ಒಪ್ಪುತ್ತೇನೆ. ಆದರೆ ಈ ಚಿತ್ರದಲ್ಲಿ ಅವಳ ಸಾವಿಗೆ ಕಾರಣ ಅವಳಲ್ಲಿಲ್ಲ, ನೋಡುತ್ತಾ ನಿಂತವನ ತಲೆಯಲ್ಲಿದೆ.

ನಿಧಾನ ಬೇಕಾದದ್ದೂ ಇದಕ್ಕೇ. ಒಂದೇ ಮುಖದ ಮೇಲೆ ಕ್ಯಾಮರಾ ಅಷ್ಟು ಹೊತ್ತು ನಿಲ್ಲದಿದ್ದರೆ ‘ಇವಳು ಅವಳಲ್ಲ’ ಅನ್ನೋ ಅನುಮಾನ ನಮಗೆ ಹುಟ್ಟೋದೇ ಇಲ್ಲ. ಅಂದಹಾಗೆ ಕ್ಯಾಮರಾ, ಸಂಕಲನ ಎರಡೂ ಸೊಡರ್‌ಬರ್ಗ್ ಅವರದೇ, ಬೇರೆ ಹೆಸರುಗಳಲ್ಲಿ.

ಕೆಂಪುಮಸಿ
ಮಾತು ಚೆನ್ನಾಗಿದೆ. ಆದರೆ ಅಲ್ಲೇ ನನಗೆ ಕಸಿವಿಸಿ. ಗಂಡಸಿನ ದುಃಖಕ್ಕೆ ಆಕಾರ ಕೊಡೋಕೆ ಸತ್ತ ಹೆಂಡತಿಯನ್ನು ಎಬ್ಬಿಸೋ ಕಥೆಗಳು ಎಷ್ಟು ಬಂದಿಲ್ಲ? ರೇಯಾ ಗರ್ಭಪಾತ ಮಾಡಿಸಿಕೊಂಡಳು, ಅವನಿಗೆ ಹೇಳಲಿಲ್ಲ, ಅವನು ಎದ್ದು ಹೋದ, ತಿರುಗಿ ಬಂದಾಗ ಅವಳು ಹೆಣ. ಯಾಕೆ ಹೇಳಲಿಲ್ಲ ಅನ್ನೋದನ್ನು ಅವಳ ಬಾಯಿಂದ ನಾವು ಸರಿಯಾಗಿ ಕೇಳೋದೇ ಇಲ್ಲ. ಮೊದಲ ಸಲ ಬಂದ ರೇಯಾಳನ್ನು ಪುಸಲಾಯಿಸಿ ಸಣ್ಣ ನೌಕೆಯಲ್ಲಿ ಕೂರಿಸಿ, ಬಾಗಿಲು ಹಾಕಿ, ಬಾಹ್ಯಾಕಾಶಕ್ಕೆ ತಳ್ಳಿಬಿಡ್ತಾನಲ್ಲ, ಆ ದೃಶ್ಯದಲ್ಲಿ ನನಗೆ ಹೊಟ್ಟೆ ತೊಳಸಿತು. ಆಮೇಲೆ ಗ್ರಹ ಕಳಿಸೋ ಎರಡನೆಯವಳ ಹತ್ತಿರ ಕ್ಷಮೆ ಕೇಳೋದು ಸುಲಭ.

ಚಿತ್ರದಲ್ಲಿ ನಾನು ನಂಬೋದು ಗಾರ್ಡನ್‌ಳನ್ನು, ವಯೋಲಾ ಡೇವಿಸ್ ಮಾಡಿದ ನಿಲ್ದಾಣದ ವಿಜ್ಞಾನಿಯ ಪಾತ್ರ. ಗ್ರಹ ಅವಳ ಕೋಣೆಗೆ ಯಾರನ್ನು ಕಳಿಸಿತ್ತು ಅಂತ ಕೊನೆಯವರೆಗೂ ತೋರಿಸಲ್ಲ. ಅವಳ ಮುಖ, ಅವಳು ಬಾಗಿಲು ಅರ್ಧ ಮಾತ್ರ ತೆರೆಯೋದು ನೋಡಿದ್ರೇನೇ ಎದೆ ಝಲ್ಲೆನ್ನುತ್ತೆ. ಹೀಗೆ ಬಂದವರು ಮನುಷ್ಯರಲ್ಲ, ನಾವು ಗೆಲ್ಲಬೇಕು ಅಂತ ಗಟ್ಟಿಯಾಗಿ ಹೇಳೋಳು ಅವಳೊಬ್ಬಳೇ.

ತಿಂಗಳಬೆಳಕು
ಕೆಂಪುಮಸಿ ಅವರೇ, ಒಂದನ್ನು ಬಿಟ್ಟಿರಿ. ತನ್ನನ್ನು ಅಳಿಸಿಬಿಡು ಅಂತ ಗಾರ್ಡನ್ ಹತ್ತಿರ ಹೋಗೋದು ರೇಯಾ. ಕೆಲ್ವಿನ್ ಬೇಡ ಅಂದರೂ, ಅವನು ಮಲಗಿದ್ದಾಗ. ಅವನ ನೆನಪಿನಲ್ಲಿಲ್ಲದ ಒಂದು ಕೆಲಸ ಅವಳು ಮಾಡಿದ್ದು ಅದು.

ಕೆಂಪುಮಸಿ
ಅದೂ ಸಾಯೋ ನಿರ್ಧಾರವೇ ಆಯ್ತಲ್ಲ. ಅವನು ನೆನಪಿಟ್ಟದ್ದೂ ಅದನ್ನೇ.

ಮಾಗಿಗಾಳಿ
ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಕೊನೆಯ ಎಂಟು ತಿಂಗಳು ಹಾಸಿಗೆ ಹಿಡಿದಿದ್ರು, ನೋಡಿಕೊಂಡವಳು ನಾನು. ಈಗ ಕಣ್ಣು ಮುಚ್ಚಿದರೆ ಬರೋದು ಆ ಅಪ್ಪ ಮಾತ್ರ. ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮಡಚೋದು, ಬಿಡಿಸೋದು, ಮತ್ತೆ ಮಡಚೋದು. ದಿನವಿಡೀ ಅದೇ. ಅಕ್ಕ ದೂರದ ಊರಲ್ಲಿದ್ದಳು. ಅವಳ ಅಪ್ಪ ಬೇರೆ. ಗಡ್ಡ ಹೆರೆಯುವಾಗ ಸಿಳ್ಳೆ ಹಾಕೋ ಅಪ್ಪ, ಮಹಡಿ ಮೆಟ್ಟಿಲನ್ನು ಎರಡೆರಡು ಹತ್ತೋ ಅಪ್ಪ. ನಾವಿಬ್ಬರೂ ಮಾತಾಡುವಾಗ ಇಬ್ಬರು ಅಪ್ಪಂದಿರ ಬಗ್ಗೆ ಮಾತಾಡಿದ ಹಾಗಿರುತ್ತೆ.

ಸೋಲಾರಿಸ್ ನನ್ನ ತಲೆಯಿಂದ ಅಪ್ಪನನ್ನು ಮಾಡಿ ಕಳಿಸಿದರೆ ಅವರು ಹೊದಿಕೆ ಮಡಚುತ್ತಾ ಕೂತಿರ್ತಾರೆ. ಅದಕ್ಕಿಂತ ದೊಡ್ಡ ಅನ್ಯಾಯ ಅವರಿಗೆ ಇನ್ನೇನು ಮಾಡಲಿ? ರೇಯಾ ಆ ಮಾತು ಹೇಳಿದಾಗ ನಾನು ಸಿನಿಮಾ ನಿಲ್ಲಿಸಿ, ಸುಮಾರು ಹೊತ್ತು ಹಾಗೇ ಕೂತಿದ್ದೆ. ನಿಧಾನವೋ ವೇಗವೋ ನನಗೆ ಗೊತ್ತಾಗಲಿಲ್ಲ.

ಅರ್ಧಟಿಕೆಟ್
ನೀವು ಹೇಳಿದ್ದು ಓದಿ ಮನಸ್ಸು ಭಾರ ಆಯ್ತು. ಸಿನಿಮಾ ಬಗ್ಗೆ ನನ್ನ ಬೇಸರ ಹಾಗೇ ಇದೆ, ಸುಳ್ಳು ಹೇಳಲ್ಲ. ಆದರೆ ನೀವು ಹೇಳಿದ ದೃಶ್ಯದ ಹೊತ್ತಿಗೆ ನಾನು ಗಡಿಯಾರ ನೋಡ್ತಿದ್ದೆ ಅನ್ಸುತ್ತೆ. ಅಲ್ಲಿಂದ ಒಂದು ಸಲ ಮತ್ತೆ ಹಾಕಿ ನೋಡ್ತೀನಿ.

ಹಳೇರೀಲು
ಮಾಗಿಗಾಳಿ ಅವರೇ, ಹಂಚಿಕೊಂಡದ್ದಕ್ಕೆ ಕೃತಜ್ಞ. ನಾನೂ ಒಂದು ಒಪ್ಪಿಕೊಳ್ಳಬೇಕು. ಕ್ಲಿಫ್ ಮಾರ್ಟಿನೆಜ್ ಸಂಗೀತ ಹಳೆಯ ಚಿತ್ರದ ಋಣದಲ್ಲಿಲ್ಲ. ಉಕ್ಕಿನ ಡ್ರಮ್ಮನ್ನು ಅಷ್ಟು ಮೆತ್ತಗೆ, ನೀರಿನೊಳಗಿಂದ ಕೇಳಿದ ಹಾಗೆ ನುಡಿಸಿರೋದು ಬೇರೆಲ್ಲೂ ನಾನು ಕೇಳಿಲ್ಲ. ಚಿತ್ರ ಬಿಟ್ಟು ಸಂಗೀತ ಮಾತ್ರ ಎಷ್ಟೋ ರಾತ್ರಿ ಕೇಳಿದ್ದೇನೆ.

ತಿಂಗಳಬೆಳಕು
ಹಾಗಾದರೆ ಕೊನೆಯ ಬಗ್ಗೆ ಹೇಳಿ. ಚಿತ್ರದ ಶುರುವಿನಲ್ಲಿ ಕೆಲ್ವಿನ್ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವಾಗ ಬೆರಳು ಕುಯ್ದುಕೊಳ್ತಾನೆ, ನಲ್ಲಿ ಕೆಳಗೆ ಹಿಡಿದರೆ ರಕ್ತ ಹರಿಯುತ್ತೆ. ಕೊನೆಯಲ್ಲಿ ಅದೇ ಅಡುಗೆಮನೆ, ಅದೇ ಚಾಕು, ಅದೇ ನಲ್ಲಿ. ನೀರು ಬಿದ್ದ ಮೇಲೆ ಗಾಯವೇ ಇಲ್ಲ. ಅವನು ಭೂಮಿಗೆ ಬಂದೇ ಇಲ್ಲ, ನಿಲ್ದಾಣದಲ್ಲೇ ಉಳಿದುಬಿಟ್ಟ ಅಂತ ಆಗ ತಿಳಿಯುತ್ತೆ. ರೇಯಾ ಬರ್ತಾಳೆ, ಎಲ್ಲ ಕ್ಷಮಿಸಲಾಗಿದೆ ಅಂತಾಳೆ. ಸುಖಾಂತ ಅಂತ ಅನೇಕರು ಬೈತಾರೆ. ಆದರೆ ಗಾಯ ಮಾಯುವ ಈ ಕೆಲ್ವಿನ್ ಯಾರು? ಇವನೂ ಮಾಡಿದವನೇ ಅಲ್ವಾ? ರೇಯಾ ಅವನ ನೆನಪಿನಿಂದ ಆದವಳು. ಇವನು ಯಾರ ನೆನಪಿನಿಂದ?

ಮಾಗಿಗಾಳಿ
ಅವನನ್ನು ಅಷ್ಟು ಹೊತ್ತು ನೋಡುತ್ತಾ ಇದ್ದದ್ದು ಆ ಗ್ರಹ ಒಂದೇ ಅಲ್ವಾ.

ಪುಟತಿರುವಿ
ಈ ಕಡೆಯಿಂದ ನಾನು ಯೋಚಿಸಿರಲಿಲ್ಲ. ಸಮುದ್ರ ಚಿತ್ರದಲ್ಲಿ ಎಲ್ಲೂ ಇಲ್ಲ ಎಂದಿದ್ದೆ. ಆ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಗಾಯವಿಲ್ಲದ ಆ ಬೆರಳಿನಲ್ಲಿ ಇದೆ.

ಆದರೂ ಒಂದು ವ್ಯತ್ಯಾಸ ಹೇಳದೆ ಇರಲಾರೆ. ಕಾದಂಬರಿಯ ಕೊನೆಯ ಪುಟಗಳಲ್ಲಿ ಕೆಲ್ವಿನ್ ಸಮುದ್ರದ ಅಂಚಿಗೆ ಹೋಗಿ ಗವಸು ತೊಟ್ಟ ಕೈ ಚಾಚುತ್ತಾನೆ. ಅಲೆ ಬಂದು ಕೈಯನ್ನು ಸುತ್ತಲೂ ಆವರಿಸುತ್ತದೆ. ಮುಟ್ಟುವುದಿಲ್ಲ. ನಡುವೆ ತೆಳ್ಳಗೆ ಗಾಳಿಯ ಪದರ ಉಳಿದುಬಿಡುತ್ತದೆ. ಅವನು ಮತ್ತೆ ಮತ್ತೆ ಕೈ ಚಾಚುತ್ತಾನೆ, ಕೊನೆಗೆ ಅಲೆಗೂ ಬೇಸರವಾಗುತ್ತದೆ. ಸೊಡರ್‌ಬರ್ಗ್ ಚಿತ್ರದ ಕೊನೆಯಲ್ಲಿ, ಗ್ರಹದೊಳಕ್ಕೆ ಕುಸಿಯುತ್ತಿರುವ ನಿಲ್ದಾಣದಲ್ಲಿ, ಬಿದ್ದಿರುವ ಕೆಲ್ವಿನ್ ಕಡೆಗೆ ಗ್ರಹವೇ ಮಾಡಿದ ಒಬ್ಬ ಪುಟ್ಟ ಹುಡುಗ ಕೈ ಚಾಚುತ್ತಾನೆ. ಕೆಲ್ವಿನ್ ಕೂಡ ಚಾಚುತ್ತಾನೆ. ಲೆಮ್‌ನಲ್ಲಿ ಕೈ ಚಾಚುವವನು ಮನುಷ್ಯ, ಇಲ್ಲಿ ಮೊದಲು ಚಾಚುವುದು ಆ ಕಡೆಯದು. ನನಗೆ ಇವತ್ತಿಗೂ ಬೇಕಾದದ್ದು ಆ ಗಾಳಿಯ ಪದರ. ಆದರೆ ಹುಡುಗನ ಕೈಯನ್ನು ಇನ್ನೊಮ್ಮೆ ನೋಡುತ್ತೇನೆ.