ಉಪಕಾರ ಮಾಡಿದವರೇ ಸುಳ್ಳು ಸಹಿ ಕೇಳಿದರೆ?

ಪ್ರಶ್ನೆ: ಮೇಡಂ, ನಾನು ಕ್ವಾಲಿಟಿ ಇಂಜಿನಿಯರ್. ಒಂದು ಬ್ಯಾಚ್ ಸೇಫ್ಟಿ ವಾಲ್ವ್‌ಗಳಿಗೆ (ಒತ್ತಡ ಮಿತಿಮೀರಿದರೆ ತೆರೆದುಕೊಂಡು ಅಪಾಯ ತಪ್ಪಿಸುವ ಕವಾಟ) ಪ್ರೆಷರ್ ಟೆಸ್ಟ್ ಪೂರ್ತಿ ಆಗಿಲ್ಲ. ನಾಳೆ ಡಿಸ್ಪ್ಯಾಚ್. "ಸರ್ಟಿಫಿಕೇಟಿಗೆ ಸಹಿ ಹಾಕು, ಉಳಿದದ್ದು ಆಮೇಲೆ ನೋಡ್ಕೊಳ್ಳೋಣ" ಅನ್ನುತ್ತಾರೆ ಮ್ಯಾನೇಜರ್. ನಾನು ಕೆಲಸವಿಲ್ಲದೆ ಕೂತಿದ್ದಾಗ ಕರೆದು ಕೆಲಸ ಕೊಟ್ಟವರು ಅವರೇ. ಆರ್ಡರ್ ಕೈತಪ್ಪಿದರೆ ಕಾಂಟ್ರ್ಯಾಕ್ಟ್ ಹುಡುಗರನ್ನು ಮೊದಲು ತೆಗೆಯುತ್ತಾರೆ. ಪ್ರಾಮಾಣಿಕತೆ ದೊಡ್ಡ ಗುಣ, ಒಪ್ಪುತ್ತೇನೆ. ಉಪಕಾರ ನೆನೆಯುವುದೂ ಗುಣವೇ ಅಲ್ವಾ? ಎರಡೂ ಎದುರುಬದುರಾದರೆ ಯಾವುದನ್ನು ಹಿಡಿಯೋದು?

ಉತ್ತರ (ವೃತ್ತಿನೀತಿ ಅಧ್ಯಾಪಕಿ): ಸಹಿ ಹಾಕಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ಯಾವ ಗುಣ ಮೇಲು, ಯಾವುದು ಕೆಳಗೆ ಅಂತ ಅರಿಸ್ಟಾಟಲ್ ಸಿದ್ಧ ಸೂತ್ರ ಕೊಟ್ಟಿಲ್ಲ. ಇಂಥ ಹೊತ್ತಿನಲ್ಲಿ, ಇಂಥವರ ಜೊತೆ, ವಿವೇಕ ಇರುವವನು ಹೇಗೆ ನಡೆದುಕೊಳ್ಳುತ್ತಾನೆ ಅಂತ ನೋಡು ಅನ್ನುತ್ತಾನೆ. ಹಾಗೆ ನೋಡಿದರೆ ನಿಮ್ಮ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಮ್ಯಾನೇಜರ್ ಋಣ ನಿಮ್ಮ ಮೇಲಿದೆ, ನಿಜ. ಅದನ್ನು ನಿಮ್ಮ ದುಡಿಮೆಯಿಂದ ತೀರಿಸಿ. ವಾಲ್ವ್ ಪಕ್ಕ ನಿಂತು ಕೆಲಸ ಮಾಡುವವನ ಜೀವ ಪಣಕ್ಕಿಟ್ಟು ತೀರಿಸಿದರೆ ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂದ ಹಾಗಾಯಿತು. ಆ ಸರ್ಟಿಫಿಕೇಟನ್ನು ನಂಬುವವನು ನಿಮ್ಮ ಮುಖವನ್ನೂ ನೋಡಿರುವುದಿಲ್ಲ.

1986ರ ಜನವರಿ 27ರ ರಾತ್ರಿ ನಡೆದದ್ದು ನೆನಪಿಸಿಕೊಳ್ಳಿ. ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್ ಮಾಡಿದ ಕಂಪನಿಯ ಇಂಜಿನಿಯರ್‌ಗಳು, ಚಳಿಗೆ ರಬ್ಬರ್ ಸೀಲ್ ಸೆಟೆದುಕೊಳ್ಳುತ್ತದೆ, ಹಾರಿಸಬೇಡಿ ಅಂದರು. ಇಂಜಿನಿಯರಿಂಗ್ ಮುಖ್ಯಸ್ಥರೂ ಮೊದಲು ಅವರ ಕಡೆಗೇ ಇದ್ದರು. ಆಗ ಮೇಲಿನವರೊಬ್ಬರು ಅವರಿಗೆ, ಇಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ ಅಂದರು. ಅವರು ಒಪ್ಪಿಬಿಟ್ಟರು. ಟೋಪಿ ಬದಲಾಯಿತು ಅಂತ ಸೀಲೇನೂ ಮೆತ್ತಗಾಗಲಿಲ್ಲ. ಮಾರನೇ ದಿನ ಹಾರಿದ 73 ಸೆಕೆಂಡಿಗೆ ನೌಕೆ ಛಿದ್ರವಾಯಿತು, ಏಳು ಜನ ಹೋದರು.

ಹಾಗಂತ "ಆಗಲ್ಲ" ಅಂತ ಬಾಗಿಲು ಬಡಿದು ಬರಬೇಡಿ, ಅದು ಹುಂಬತನ. ಯಾವ ವಾಲ್ವ್‌ಗೆ ಟೆಸ್ಟ್ ಆಗಿದೆ, ಯಾವುದಕ್ಕೆ ಆಗಿಲ್ಲ ಅಂತ ಸೀರಿಯಲ್ ನಂಬರ್ ಸಮೇತ ಮೇಲ್ ಮಾಡಿ. ಆಗಿರುವುದನ್ನು ಕಳಿಸೋಣ, ಉಳಿದದ್ದಕ್ಕೆ ಸದ್ಯಕ್ಕೆ ಕಳಿಸಬಾರದು ಅನ್ನುವ ಹೋಲ್ಡ್ ಟ್ಯಾಗ್ ಹಾಕೋಣ ಅನ್ನಿ. ಗ್ರಾಹಕರ ಹತ್ತಿರ ಸಮಯ ಕೇಳುವ ಕಷ್ಟದ ಫೋನ್ ನಾನೇ ಮಾಡುತ್ತೇನೆ, ರಾತ್ರಿಯೆಲ್ಲ ಕೂತು ಟೆಸ್ಟ್ ಮುಗಿಸುತ್ತೇನೆ ಅನ್ನಿ. ಉಪಕಾರ ತೀರಿಸುವ ಜಾಗ ಇದು.

ಕಾಂಟ್ರ್ಯಾಕ್ಟ್ ಹುಡುಗರ ಚಿಂತೆ ಇಷ್ಟಕ್ಕೇ ಹೋಗುವುದಿಲ್ಲ, ಹೋಗಲೂಬಾರದು. ನೀತಿಶಾಸ್ತ್ರದ ತತ್ವಜ್ಞಾನಿ ಡಬ್ಲ್ಯೂ. ಡಿ. ರಾಸ್ 1930ರಲ್ಲೇ ಬರೆದಿದ್ದಾರೆ: ಇನ್ನೊಬ್ಬರ ಕಷ್ಟಕ್ಕೆ ಒದಗಲು ಕೊಟ್ಟ ಮಾತು ಮುರಿದರೆ ನಾಚಿಕೆ ಬೇಕಿಲ್ಲ, ಆದರೂ ಕಸಿವಿಸಿ ಉಳಿಯುತ್ತದೆ, ಯಾರಿಗೆ ಮಾತು ಕೊಟ್ಟಿದ್ದೆವೋ ಅವರಿಗೆ ಹೇಗಾದರೂ ಸರಿಮಾಡುವ ಹೊಣೆಯೂ ಉಳಿಯುತ್ತದೆ. ಇಲ್ಲೂ ಅಷ್ಟೇ. ಅವರನ್ನು ತೆಗೆಯುವ ಮಾತು ಬಂದಾಗ ಅವರ ಪರ ನಿಲ್ಲಿ.

ಪ್ರಶ್ನೆ ಕೇಳಿದವರು: ಮ್ಯಾನೇಜರೇ ಸಹಿ ಹಾಕಿ ಕಳಿಸಿಬಿಟ್ಟರೆ?

ಉತ್ತರ: ಗೊತ್ತಿದ್ದೂ ಸುಮ್ನಿರೋ ಹಾಗಿಲ್ಲ. ಮೇಲಿನವರಿಗೆ ಬರೆಯಿರಿ. ಆದರೆ ಬರೆಯುತ್ತಿದ್ದೇನೆ ಅಂತ ಮೊದಲು ಮ್ಯಾನೇಜರಿಗೇ ಹೇಳಿ. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು.

ಇನ್ನೊಬ್ಬರು: ಕೆಲಸ ಹೋದರೆ ನೀವು ಕೊಡಿಸುತ್ತೀರಾ ಮೇಡಂ?

ಉತ್ತರ: ಇಲ್ಲ ಸರ್. ಆ ರಾತ್ರಿ ಚಾಲೆಂಜರ್ ಹಾರಿಸುವುದು ಬೇಡ ಅಂದವರಲ್ಲಿ ಒಬ್ಬರಾದ ರೋಜರ್ ಬೋಝೊಲೆ ತನಿಖೆಯಲ್ಲಿ ನಿಜ ಹೇಳಿ, ಕಂಪನಿಯಲ್ಲಿ ಮೂಲೆಗುಂಪಾಗಿ, ಕೊನೆಗೆ ಕೆಲಸ ಬಿಟ್ಟರು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅದಕ್ಕೇ ಯಾವುದನ್ನೂ ಬಾಯಿಮಾತಿಗೆ ಬಿಡಬೇಡಿ, ಎಲ್ಲಾ ಬರಹದಲ್ಲಿರಲಿ.