ಬೈಟು ಬಹಿಷ್ಕಾರ

ಹದಿನೈದು ದಿನದಿಂದ ಶೀನ ನಮ್ಮ ಮೂಲೆಯ ದರ್ಶಿನಿಯೊಳಗೆ ಕಾಲಿಟ್ಟಿಲ್ಲ. ಎರಡನೇ ಸಲ ಚಟ್ನಿ ಹಾಕಿಸಿಕೊಂಡಿದ್ದಕ್ಕೆ 10 ರೂಪಾಯಿ ಕೇಳಿದರಂತೆ. ಅವತ್ತೇ ಬಹಿಷ್ಕಾರ. ಆದರೆ ಕಾಫಿ ಬಿಡೋಕಾಗುತ್ತಾ? ಹಾಗಾಗಿ ನಾಗಣ್ಣ ಒಳಗೆ ಹೋಗಿ ಬೈಟು ತರುತ್ತಾರೆ. ಶೀನ ಫುಟ್‌ಪಾತಿನಲ್ಲಿ ನಿಂತು ತನ್ನ ಅರ್ಧ ಕುಡಿಯುತ್ತಾನೆ.

ಮೊನ್ನೆ ಭಾನುವಾರ ನಾಗಣ್ಣನ ಚೀಲದಲ್ಲಿ ಸೇಬು ಇತ್ತು. ಶೀನ ಒಂದನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಮೇಲಿನ ಸ್ಟಿಕ್ಕರ್ ಓದಿದ. "ಸೌತ್ ಆಫ್ರಿಕಾ!"

"ನಮ್ಮಪ್ಪ ಇದ್ದಿದ್ದರೆ ಇದು ಮನೆಯೊಳಗೆ ಬರ್ತಿರಲಿಲ್ಲ" ಅಂದರು ನಾಗಣ್ಣ. "ಅವರ ಪಾಸ್‌ಪೋರ್ಟಿನಲ್ಲೇ ಬರೆದಿತ್ತಪ್ಪ, ಸೌತ್ ಆಫ್ರಿಕಾ ಬಿಟ್ಟು ಬೇರೆ ಕಡೆ ಹೋಗಬಹುದು ಅಂತ."

"ಎಲ್ಲಿಗೆ ಹೋಗಿದ್ದರು?"

"ನೇಪಾಳಕ್ಕೆ. ಅದಕ್ಕೆ ಪಾಸ್‌ಪೋರ್ಟೇ ಬೇಕಿರಲಿಲ್ಲ ಅನ್ನು."

ಅಲ್ಲಿಂದ ಶುರುವಾಯಿತು. ವರ್ಣಭೇದದ ದೇಶದ ಜೊತೆ ವ್ಯಾಪಾರ ಬೇಡ ಅಂತ ಮೊದಲು ಬಾಗಿಲು ಹಾಕಿದ್ದೇ ನಾವು, 1946ರಲ್ಲಿ. ನಮಗೇ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಅಲ್ಲಿ ಎಲ್ಲರೂ ವೋಟು ಹಾಕಿದ್ದು 1994ರಲ್ಲಿ.

"48 ವರ್ಷ!" ಅಂದ ಶೀನ. "ಸಿವಿಲ್ ಕೇಸೂ ಇಷ್ಟು ದಿನ ನಡೆಯಲ್ಲ."

ನಡೆಯುತ್ತದೆ. ನಮ್ಮ ತಾತ ಹಾಕಿದ ಸೈಟಿನ ಕೇಸಿಗೆ ನಾನು ಮೊನ್ನೆ ಹೋಗಿಬಂದೆ. ಆದರೆ ಮಾತು ಅದಲ್ಲ.

"ಬಹಿಷ್ಕಾರ ಹಾಕಿದರೆ ಕೆಲಸ ಕಳೆದುಕೊಳ್ಳೋದು ಅಲ್ಲಿನ ಬಡವರೇ ಅಲ್ವಾ? ಬ್ರಿಟನ್ ಪ್ರಧಾನಿಯಾಗಿದ್ದ ಥ್ಯಾಚರ್ ಅದನ್ನೇ ಹೇಳ್ತಿದ್ದರು" ಅಂದ ಶೀನ.

"ಹೇಳ್ತಿದ್ದರು. ಆದರೆ ನಮ್ಮ ಮಾಲು ಕೊಳ್ಳಬೇಡಿ ಅಂತ ಹೊರಗಿನವರನ್ನು 1959ರಲ್ಲೇ ಕೇಳಿಕೊಂಡಿದ್ದು ಯಾರು? ಅಲ್ಲಿನವರೇ, ಕರಿಯರ ನಾಯಕ ಲುಥುಲಿ. ಹಸಿದಿರಬೇಕಾದವನೇ 'ತಡಕೋತೀನಿ, ಮಾಡಿ' ಅಂದಮೇಲೆ, ಲಂಡನ್ನಿನಲ್ಲಿ ಕೂತವರಿಗೆ ಅವನ ಹೊಟ್ಟೆಯ ಚಿಂತೆ ಯಾಕೆ?"

ನನಗೆ ಡಬ್ಲಿನ್ನಿನ ಅಂಗಡಿ ಹುಡುಗಿ ನೆನಪಾದಳು, ಮೇರಿ ಮ್ಯಾನಿಂಗ್. 1984ರ ಜುಲೈ. ಗಿರಾಕಿ ಎರಡು ಗ್ರೇಪ್‌ಫ್ರೂಟ್ ತಂದಿಟ್ಟರು. ನಮ್ಮ ಚಕ್ಕೋತದ ತಮ್ಮ ಅನ್ನಿ. ದಕ್ಷಿಣ ಆಫ್ರಿಕಾದ್ದು, ನಾನು ಬಿಲ್ ಮಾಡಲ್ಲ ಅಂದಳು. ಸಸ್ಪೆಂಡ್ ಆದಳು. ಜೊತೆಯವರೂ ಎದ್ದು ಹೊರಗೆ ಬಂದರು. ಮಳೆ, ಚಳಿ, ಕೈಯಲ್ಲಿ ಬೋರ್ಡು, ಎರಡೂವರೆ ವರ್ಷಕ್ಕೂ ಜಾಸ್ತಿ. ಕೊನೆಗೆ 1987ರಲ್ಲಿ ಐರ್ಲೆಂಡ್ ಸರ್ಕಾರವೇ ಅಲ್ಲಿಯ ಹಣ್ಣು-ತರಕಾರಿ ನಿಲ್ಲಿಸಿತು.

"ಅವಳೂ ಫುಟ್‌ಪಾತಿನಲ್ಲೇ ನಿಂತಳು, ನನ್ನ ಹಾಗೆ" ಅಂದ ಶೀನ.

"ಅವಳ ಸಂಬಳ ಹೋಯ್ತು ಕಣೋ. ನಿನ್ನದೇನು ಹೋಯ್ತು? ಕಾಫಿ ಬರ್ತಾನೇ ಇದೆ, ದುಡ್ಡೂ ನನ್ನದೇ."

ಶೀನ ಕ್ರಿಕೆಟ್ಟಿಗೆ ಹಾರಿದ. ಅವನಿಗೆ ಹೊಟ್ಟೆಯುರಿ ಅಲ್ಲಿ. ಬಹಿಷ್ಕಾರದಿಂದ ದಕ್ಷಿಣ ಆಫ್ರಿಕಾದ ಆಟಗಾರರಿಗೆ ಟೆಸ್ಟೇ ಸಿಗಲಿಲ್ಲವಲ್ಲ. ಗ್ರೇಮ್ ಪೊಲಾಕ್‌ನ ಸರಾಸರಿ 60.97, ಆಡಿದ್ದು 23 ಟೆಸ್ಟು. ಬ್ಯಾರಿ ರಿಚರ್ಡ್ಸ್‌ಗೆ ಸಿಕ್ಕಿದ್ದು ಬರೀ 4. "ಅವರೇನು ಪಾಪ ಮಾಡಿದ್ದರು?"

"ಬೇಸಿಲ್ ಡಿ'ಒಲಿವೆರಾ ಏನು ಮಾಡಿದ್ದ? ಕೇಪ್‌ಟೌನ್‌ನಲ್ಲಿ ಹುಟ್ಟಿದವನು, ಬಣ್ಣ ಸರಿಯಿಲ್ಲ ಅಂತ ಇಂಗ್ಲೆಂಡಿಗೆ ಹೋಗಿ ಆಡಬೇಕಾಯ್ತು. 1968ರಲ್ಲಿ ಅವನು ಇಂಗ್ಲೆಂಡ್ ತಂಡದಲ್ಲಿದ್ದಾನೆ ಅಂತ ದಕ್ಷಿಣ ಆಫ್ರಿಕಾದವರು ಟೂರೇ ಬೇಡ ಅಂದರು. ಅವನ ರನ್ನಿಗೆ ಲೆಕ್ಕ ಇಡೋರು ಯಾರು?" ನಾಗಣ್ಣನ ದನಿ ಏರಿತ್ತು. "ನಾವೂ ಕಳಕೊಂಡಿದ್ದೀವಿ. 1974ರ ಡೇವಿಸ್ ಕಪ್ ಟೆನಿಸ್ ಫೈನಲ್, ಎದುರಿಗೆ ದಕ್ಷಿಣ ಆಫ್ರಿಕಾ. ಅಮೃತರಾಜ್ ಸಹೋದರರು, ಎಂಥ ತಂಡ! ಆಡಲ್ಲ ಅಂದ್ವಿ. ಒಂದು ಸರ್ವ್ ಮಾಡದೆ ಅವರು ಕಪ್ ಎತ್ತಿಕೊಂಡು ಹೋದರು."

"ನೋಡಿದ್ರಾ! ಬಹಿಷ್ಕಾರ ಹಾಕಿದವರು ನಾವು, ಕಪ್ ಅವರಿಗೆ."

ಇದಕ್ಕೆ ನಾಗಣ್ಣನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ. ಶೀನನ ಫೋನು ಯಾವ ದೇಶದ್ದು ಅಂತ ಕೇಳಬಹುದಿತ್ತು. ನನ್ನದೂ ಅದೇ ದೇಶದ್ದು, ಸುಮ್ಮನಿದ್ದೆ.

"1982ರಲ್ಲಿ ಇಂಗ್ಲೆಂಡಿನ ಗ್ರಹಾಂ ಗೂಚ್ ಕದ್ದುಮುಚ್ಚಿ ಹೋಗಿ ಅಲ್ಲಿ ಆಡಿ ಬಂದ. 3 ವರ್ಷ ಟೆಸ್ಟಿನಿಂದ ಹೊರಗೆ" ಅಂದರು ನಾಗಣ್ಣ, ಸ್ವಲ್ಪ ಹೊತ್ತು ಬಿಟ್ಟು. "ಆ ಲೆಕ್ಕದಲ್ಲಿ ನಿನಗೂ ಈ ಬೈಟು ನಿಲ್ಲಿಸಬೇಕು."

ಶೀನ ಲೋಟದ ತಳದ ನೊರೆಯನ್ನೂ ಬಿಡದೆ ಕುಡಿದ. ಗಾಜಿನಾಚೆ ಯಾರದೋ ತಟ್ಟೆಯಲ್ಲಿ ಇಡ್ಲಿ ಹಬೆಯಾಡುತ್ತಿತ್ತು.

"ನಾಗಣ್ಣ, ಸುಮ್ನೆ ಕೇಳ್ತೀನಿ. ಚಟ್ನಿಗೆ ಇನ್ನೂ 10 ರೂಪಾಯಿನಾ?"

"ಇಲ್ಲಪ್ಪ. ನೆನ್ನೆಯಿಂದ 15."

ಶೀನ ಒಂದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಕೈಯಲ್ಲಿದ್ದ ಸೇಬಿನ ಸ್ಟಿಕ್ಕರ್ ಕಿತ್ತು, ದರ್ಶಿನಿಯ ಗಾಜಿಗೆ ಅಂಟಿಸಿ, ಹಣ್ಣನ್ನು ಕಚ್ಚಿದ.